ಬಾಗಲಕೋಟೆ ಸೀಮೆಯ ಪ್ಲಾಸ್ಟಿಕ್ ಕಸ: ಮರುಬಳಕೆ ಮತ್ತು ವಿಲೇವಾರಿಯ ಇತಿಹಾಸ

1997ರಲ್ಲಿ ವಿಜಾಪುರದಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ಕಸದ ಚರಿತ್ರೆಯೆಂದರೆ ಬಹುಪಾಲು ಮೋಡಕಾ (ಗುಜರಿ) ಅಂಗಡಿಯ ಚರಿತ್ರೆ. ಅಲ್ಲಿ ತೂಕಕ್ಕೆ ಹಾಕಿದರೆ ದುಡ್ಡು ಬರುವ ವಸ್ತು ಬೀದಿಯಲ್ಲಿ ಉಳಿಯುವುದಿಲ್ಲ. ದುಡ್ಡು ಬಾರದ್ದು ಎರೆಮಣ್ಣಿಗೆ ಸೇರುತ್ತದೆ.

ಹಿಂದೆ ಮನೆಯ ಕಸ ತಿಪ್ಪೆಗೆ ಬಿದ್ದು, ಕೊಳೆತು, ಬೇಸಿಗೆಯಲ್ಲಿ ಬಂಡಿ ಏರಿ ಹೊಲಕ್ಕೆ ಹೋಗುತ್ತಿತ್ತು. ಕ್ಯಾರಿಬ್ಯಾಗ್ ಬಂದ ಮೇಲೂ ದಾರಿ ಅದೇ. ಹಾಗಾಗಿ ಗೊಬ್ಬರದ ಜೊತೆ ಹಾಳೆಯೂ ಹೊಲಕ್ಕಿಳಿದು ಕುಂಟೆಗೆ ಸುತ್ತಿಕೊಳ್ಳತೊಡಗಿತು. ಬಾದಾಮಿಯ ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಹೆಂಗಸರು ಭಕ್ತರಿಗೆ ಜೋಳದ ರೊಟ್ಟಿ, ಪಲ್ಯ, ಕುಡಿಕೆಯ ಕೆನೆಮೊಸರು ಮಾರುವುದು ಹಳೆಯ ರೂಢಿ. ಉಂಡ ಮೇಲೆ ಕಸವೇ ಉಳಿಯದಂಥ ಊಟ ಅದು. ಪಕ್ಕದಲ್ಲೀಗ ನೀರಿನ ಬಾಟಲಿಗಳು ಬಿದ್ದಿರುತ್ತವೆ.

ಬಾಟಲಿಗೆ ಬೆಲೆಯುಂಟು. ಆಯುವವರ ಚೀಲದಿಂದ ಅದು ಗುಜರಿಗೆ, ಅಲ್ಲಿಂದ ದೊಡ್ಡ ಊರಿನ ಘಟಕಕ್ಕೆ ಹೋಗಿ, ಚೂರಾಗಿ, ತೊಳೆಸಿಕೊಂಡು ಪಾಲಿಯೆಸ್ಟರ್ ನೂಲಾಗುತ್ತದೆ. ಒಡೆದ ಕೊಡ, ಬಕೆಟ್‌ಗಳನ್ನು ಕರಗಿಸಿ ಹರಳು ಮಾಡಿ ಅಗ್ಗದ ಕೊಡ, ಪೈಪು ಎರಕ ಹೊಯ್ಯುತ್ತಾರೆ. ಪ್ರತಿ ಕರಗಿಕೆಯಲ್ಲೂ ಗುಣ ಒಂದಿಷ್ಟು ಇಳಿಯುವುದರಿಂದ ಈ ಚಕ್ರ ಕೊನೆಯಿಲ್ಲದ್ದಲ್ಲ.

ಕಾನೂನು ಹಿಡಿದದ್ದು ದಪ್ಪದ ಲೆಕ್ಕವನ್ನು. ಕೇಂದ್ರದ ನಿಯಮಗಳಲ್ಲಿ ಕ್ಯಾರಿಬ್ಯಾಗಿನ ಕನಿಷ್ಠ ದಪ್ಪ 1999ರಲ್ಲಿ 20 ಮೈಕ್ರಾನ್ ಇದ್ದದ್ದು 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್‌ನಲ್ಲಿ 75, 2022ರ ಕೊನೆಗೆ 120 ಆಯಿತು. ಕರ್ನಾಟಕ ಸರಕಾರ ಇನ್ನೂ ಮುಂದೆ ಹೋಗಿ 2016ರ ಮಾರ್ಚ್‌ನಲ್ಲಿ ಚೀಲ, ತಟ್ಟೆ, ಲೋಟ, ಫ್ಲೆಕ್ಸ್‌ಗಳನ್ನೆಲ್ಲ ನಿಷೇಧಿಸಿತು. ಆದೇಶ ಕಟ್ಟುನಿಟ್ಟು, ಸಂತೆಯಲ್ಲಿ ಅದರ ಬಲ ಅಷ್ಟಕ್ಕಷ್ಟೆ.

ಎಲ್ಲಕ್ಕಿಂತ ಹಟಮಾರಿ ಕಸವೆಂದರೆ ಗುಟ್ಕಾ ಚೀಟು. ಪದರ ಪದರವಾಗಿ ಅಂಟಿಸಿದ ಈ ಹಾಳೆಯನ್ನು ಬಿಡಿಸಲಾಗದು, ಆದ್ದರಿಂದ ಯಾರೂ ಕೊಳ್ಳರು. ಗುಟ್ಕಾ, ತಂಬಾಕಿಗೆ ಪ್ಲಾಸ್ಟಿಕ್ ಚೀಟು ಬಳಸುವುದನ್ನು 2011ರಲ್ಲಿ ತಡೆಯಲಾಯಿತು. 2013ರಲ್ಲಿ ರಾಜ್ಯ ಗುಟ್ಕಾವನ್ನೇ ನಿಷೇಧಿಸಿತು. ನಿಷೇಧದಿಂದ ನುಣುಚಿಕೊಳ್ಳಲು ಪಾನ್ ಮಸಾಲೆ ಒಂದು ಚೀಟಿನಲ್ಲೂ ತಂಬಾಕು ಇನ್ನೊಂದರಲ್ಲೂ ಬರತೊಡಗಿ, ಕಸ ಎರಡಾಯಿತು. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದ್ದು ಜನರ ಆರೋಗ್ಯಕ್ಕಾಗಿ. ಆದರೂ ಈ ಕಸವನ್ನು ಹುಟ್ಟುವಲ್ಲೇ ತಡೆಯುವ ದಾರಿ ಅದೇ ಆಗಿತ್ತು ಎನ್ನಬಹುದು.

ಊರಿನ ಕಸದಷ್ಟೇ ಹೊಲದ ಪ್ಲಾಸ್ಟಿಕ್ಕೂ ಈಗ ಮುಖ್ಯ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಬಳಸುವ ಹುನಗುಂದದ ರಾಮಥಾಳ ಹನಿ ನೀರಾವರಿ ಯೋಜನೆಯನ್ನು ಸುಮಾರು 24,000 ಹೆಕ್ಟೇರಿಗೆಂದು ರೂಪಿಸಲಾಯಿತು. ಹನಿಯ ಕೊಳವೆ ಹಾಳಾದರೂ ಮೋಡಕಾ ಅಂಗಡಿಗೆ ಬೇಕು. ಮೆಣಸಿನಕಾಯಿ, ಕಲ್ಲಂಗಡಿ ಮಡಿಗೆ ಹೊದಿಸುವ ಮಲ್ಚಿಂಗ್ ಹಾಳೆಯ ಪಾಡು ಬೇರೆ: ಸಾಮಾನ್ಯವಾಗಿ 25–30 ಮೈಕ್ರಾನ್ ದಪ್ಪದ ಅದು ಕೊಯ್ಲಿನ ಹೊತ್ತಿಗೆ ಹರಿದು, ಮಣ್ಣು ಮೆತ್ತಿ, ತೊಳೆಯುವ ಕೂಲಿಯೂ ಗಿಟ್ಟದಂತಾಗಿರುತ್ತದೆ. ಕ್ಯಾರಿಬ್ಯಾಗಿನ ದಪ್ಪದ ನಿಯಮ ಅದಕ್ಕಿಲ್ಲ. ಬದುವಿನ ಮೇಲೆ ಒಟ್ಟಿ ಸುಡುವುದೇ ಅದರ ವಿಲೇವಾರಿ.