ಕರಲಿನಿಂದ ತಗಡಿಗೆ

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಬಯಲುಸೀಮೆಯ ಊರು. ಈ ಬಯಲುಸೀಮೆಯ ಹಳೆಯ ಸೂರು ಮಾಳಿಗೆ: ತೊಲೆ, ಜಂತೆ, ಸೊಪ್ಪುಸದೆ, ಅದರ ಮೇಲೆ ದಪ್ಪನೆ ಮಣ್ಣು, ಕೊನೆಗೆ ನೀರು ಇಳಿಯಗೊಡದ ಕರಲು ಮಣ್ಣು. ಮುಂಗಾರಿಗೆ ಮೊದಲು ಕರಲು ಹರಡದಿದ್ದರೆ ಅಡುಗೆಮನೆಯಲ್ಲಿ ಪಾತ್ರೆಗಳು ಸಾಲುಗಟ್ಟುತ್ತಿದ್ದವು. ಬೇಸಿಗೆಯಲ್ಲಿ ಮಾತ್ರ ಒಳಗೆ ತಂಪೋ ತಂಪು.

ಘಟ್ಟದ ಲೆಕ್ಕವೇ ಬೇರೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯಲ್ಲಿ ಮಣ್ಣಿನ ಮಾಳಿಗೆ ನಿಂತೀತೇ? ಅಲ್ಲಿ ಇಳಿಜಾರು ಮಾಡು, ಹುಲ್ಲು, ಅಡಿಕೆ ಸೋಗೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೆಂಚು ಘಟ್ಟ ಹತ್ತಿತು.

ಮಾಳಿಗೆಯ ಜಾಗಕ್ಕೆ ಬಂದ ತಗಡು ಹುಟ್ಟಿದ್ದು ದೂರದಲ್ಲಿ. 1829ರಲ್ಲಿ ಲಂಡನ್ನಿನ ಹೆನ್ರಿ ಪಾಮರ್ ಕಬ್ಬಿಣದ ಹಾಳೆಯನ್ನು ಅಲೆಅಲೆಯಾಗಿ ಮಡಿಸಿ ಪೇಟೆಂಟ್ ಪಡೆದ. ತೆಳುವಾದರೂ ಬಾಗದಿರುವ ಗುಟ್ಟು ಆ ಅಲೆಯಲ್ಲೇ ಇದೆ. 1837ರಲ್ಲಿ ಫ್ರಾನ್ಸಿನಲ್ಲಿ ಸತುವಿನ ಲೇಪನಕ್ಕೂ ಪೇಟೆಂಟ್ ಸಿಕ್ಕಿತು. ನಾವು ‘ಜಿಂಕ್ ಶೀಟು’ ಎನ್ನುವುದು ಈ ಲೇಪನದ ಹೆಸರಿನಲ್ಲಿ, ಒಳಗಿರುವುದು ಕಬ್ಬಿಣವೇ!

ತಗಡು ಹಗುರ, ಸೋರದು. ಆದರೆ ಮಳೆ ಬಂದರೆ ಅದರ ಸದ್ದಿಗೆ ಮಾತು ಕೇಳಿಸದು, ಬಿಸಿಲಿಗೆ ತಗಡು ಕಾಯುತ್ತದೆ, ಬಿರುಗಾಳಿಗೆ ಹಾರುತ್ತದೆ. ಅದಕ್ಕೇ ಬಯಲುಸೀಮೆಯ ಜನ ತಗಡಿನ ಮೇಲೆ ಕಲ್ಲು ಹೇರುತ್ತಾರೆ, ಬೇಸಿಗೆಯಲ್ಲಿ ತೆಂಗಿನ ಗರಿ ಹೊದಿಸುತ್ತಾರೆ.