ಕಲಘಟಗಿಯ ದಫ್ತರ ಮತ್ತು ಕಾಗದದ ಪರೀಕ್ಷೆ

ಬ್ರಿಟಿಷರ ಕಾಲದಲ್ಲಿ ಕಲಘಟಗಿ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆಯ ತಾಲೂಕಾಗಿತ್ತು. ಕುಲಕರ್ಣಿಗಳು ಬರೆದ ಹಳ್ಳಿ ಲೆಕ್ಕಗಳೆಲ್ಲ ಮಾಮಲೇದಾರರ ಕಚೇರಿಗೆ ಬಂದು ಸೇರುತ್ತಿದ್ದವು. ಮೋಜಣಿಯಲ್ಲಿ ಗೊತ್ತುಪಡಿಸಿದ ಭೂಕಂದಾಯದ ದರಕ್ಕೆ 30 ವರ್ಷಗಳ ಅವಧಿ. ಹೊಲದ ವಿಸ್ತೀರ್ಣ, ಆಕಾರಗಳನ್ನು ಬರೆದ ಹಾಳೆ ಕಡೇಪಕ್ಷ ಅಷ್ಟು ಕಾಲ ಬಾಳಲೇಬೇಕು. ಮಲೆನಾಡಿನ ಸೆರಗಿನ ಈ ಊರಲ್ಲಿ ಮಳೆಗಾಲದ ಥಂಡಿ, ಗೆದ್ದಲುಗಳ ಕಾಟ ಬೇರೆ.

ಕನ್ನಡ ನಾಡಿನ ಶಾನುಭೋಗರಿಗೆ ಮೊದಲಿಂದಲೂ ಕಡತ ಪರಿಚಿತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಪಶ್ಚಿಮ ದಖ್ಖಣದಲ್ಲಿ ಜುನ್ನರದ ಕೈಕಾಗದ ಹೆಸರಾಗಿತ್ತು. ಗಂಜಿ ಹಿಡಿಸಿ ನುಣುಪು ಕಲ್ಲಿನಿಂದ ತಿಕ್ಕಿದ ಹಾಳೆಯ ಮೇಲೆ ಮಸಿ ಹರಡುವುದಿಲ್ಲ. ಅದರ ಗುಣವನ್ನು ಬರೆಯುವವನ ಕಣ್ಣು, ಬೆರಳುಗಳೇ ಹೇಳುತ್ತಿದ್ದವು.

ಸರ್ ಚಾರ್ಲ್ಸ್ ವುಡ್ 1859ರಿಂದ 1866ರವರೆಗೆ ಭಾರತ ಮಂತ್ರಿಯಾಗಿದ್ದಾಗ, ಸರ್ಕಾರಕ್ಕೆ ಬೇಕಾದ ಕಾಗದವನ್ನು ಬ್ರಿಟನ್ನಿನಲ್ಲೇ ಕೊಳ್ಳಬೇಕೆಂಬ ಆದೇಶ ಹೊರಟಿತು. ಇಲ್ಲಿನ ಕಾಗದಗಾರರಿಗೆ ಅದು ದೊಡ್ಡ ಪೆಟ್ಟು. ಬರೆಯುವವನೊಂದೆಡೆ, ಆರಿಸುವವನೊಂದೆಡೆ ಆದರು. ಟಿಟಾಗಢದ ಗಿರಣಿ 1882ರಲ್ಲಿ, ಪುಣೆಯ ಡೆಕ್ಕನ್ ಪೇಪರ್ ಮಿಲ್ಸ್ 1885ರಲ್ಲಿ ಹುಟ್ಟಿದ ಮೇಲೆ ಸರ್ಕಾರಿ ಬೇಡಿಕೆಯ ಒಂದು ಪಾಲು ದೇಶದೊಳಕ್ಕೆ ಮರಳಿತು.

ಆ ಹೊತ್ತಿಗೆ ಕಾಗದದ ಒಡಲೇ ಬದಲಾಗಿತ್ತು.

ಚಿಂದಿಬಟ್ಟೆಯ ಜಾಗಕ್ಕೆ ಹುಲ್ಲು, ಅರೆದ ಮರ ಬಂದವು. ಗಂಜಿಯ ಬದಲು ರಾಳ, ಪಟಿಕ. ತೂಕ, ನುಣುಪು ಹೆಚ್ಚಿಸಲು ಬಿಳಿ ಜೇಡಿಮಣ್ಣು. ತೂಕದ ಲೆಕ್ಕದಲ್ಲಿ ಕೊಂಡ ಕಚೇರಿ ಮಣ್ಣಿಗೂ ಹಣ ತೆತ್ತಂತಾಗುತ್ತಿತ್ತು. ಹೊಸ ಹಾಳೆ ಎಷ್ಟೇ ಬೆಳ್ಳಗಿದ್ದರೂ, ಅರೆದ ಮರದಿಂದಾದದ್ದು ಬೆಳಕಿಗೆ ಹಳದಿಯಾಗಿ, ಪಟಿಕದ ಹುಳಿಗೆ ಪೆಡಸಾಗಿ ಮುರಿಯುತ್ತದೆ. ಈ ದೋಷ ಬರಿಗಣ್ಣಿಗೆ ಸಿಗುವಂಥದ್ದಲ್ಲ. ಹಾಳೆಯನ್ನು ಸುಟ್ಟು ಬೂದಿ ತೂಗಿದರೆ ಮಣ್ಣಿನ ಪಾಲು ತಿಳಿಯುತ್ತದೆ. ಫ್ಲೋರೋಗ್ಲೂಸಿನಾಲ್ ದ್ರಾವಣದ ಹನಿ ಬಿದ್ದಲ್ಲಿ ಕೆಂಪೇರಿದರೆ ಅರೆದ ಮರವಿದೆ ಎಂದರ್ಥ. ಅಯೋಡಿನ್ ನೀಲಿಯಾದರೆ ಗಂಜಿ.

ಪ್ರಶ್ಯಾ ಸರ್ಕಾರ 1886ರಲ್ಲೇ ಕಚೇರಿ ಕಾಗದಕ್ಕೆ ದರ್ಜೆಗಳನ್ನು ನಿಗದಿ ಮಾಡಿತು. ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ನೇಮಿಸಿದ ಸಮಿತಿ 1898ರಲ್ಲಿ ಬಹುಕಾಲ ಬಾಳಬೇಕಾದ ಪುಸ್ತಕಗಳ ಕಾಗದಕ್ಕೆ ಅಳತೆ ಸೂಚಿಸಿತು: ಹತ್ತಿ, ಅಗಸೆ, ಸೆಣಬಿನಂಥ ಉತ್ತಮ ನಾರು ಶೇ. 70ಕ್ಕೆ ಕಡಿಮೆಯಿರಬಾರದು, ರಾಳ ಶೇ. 2ನ್ನು, ಖನಿಜಾಂಶ ಶೇ. 10ನ್ನು ಮೀರಬಾರದು. ಅಷ್ಟರಲ್ಲಿ ಬ್ರಿಟಿಷ್ ಭಾರತದ ಕಚೇರಿಗಳಲ್ಲಿ ಗಿರಣಿ ಕಾಗದದ ಬಳಕೆ ಹಲವು ದಶಕ ದಾಟಿತ್ತು.

ಆದ್ದರಿಂದ ಧಾರವಾಡ ಜಿಲ್ಲೆಯ ಹಳೆಯ ದಫ್ತರಗಳ ಅಧ್ಯಯನ ಅಕ್ಷರಗಳಿಗಷ್ಟೇ ನಿಲ್ಲಬಾರದು. ತಾರೀಖು, ಲಿಪಿ, ಮೊಹರುಗಳ ಜೊತೆಗೆ ಪ್ರತಿ ಹಾಳೆಯ ನಾರು, ನೀರುಗುರುತು, ಹುಳಿಯ ಪ್ರಮಾಣವನ್ನೂ ದಾಖಲಿಸಬೇಕು. ಯಾವ ಕಟ್ಟನ್ನು ಮೊದಲು ಉಳಿಸಿಕೊಳ್ಳಬೇಕೆಂಬುದು ಅದರಿಂದ ತಿಳಿಯುತ್ತದೆ. ಹೀಗೆ ಪರೀಕ್ಷಿಸಿದರೆ, 19ನೆಯ ಶತಮಾನದ ಕೊನೆಯ ಗಿರಣಿ ಹಾಳೆಗಳು ಅದಕ್ಕೂ ಹಳೆಯ ಕೈಕಾಗದಕ್ಕಿಂತ ಮುಂಚೆ ಆರೈಕೆ ಬೇಡಬಹುದು.