ವಿಳಾಸದಲ್ಲೇ ಅಡಗಿದ ಕಾಗದ

1840ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಅಂಚೆಯ ಹಣವನ್ನು ಸಾಮಾನ್ಯವಾಗಿ ಕಾಗದ ಪಡೆಯುವವರೇ ತೆರಬೇಕಿತ್ತು, ನಮ್ಮ ಬೇರಿಂಗ್ ಕಾಗದದ ಹಾಗೆ. ಕೆಲವರು ಇದಕ್ಕೊಂದು ಉಪಾಯ ಕಂಡುಕೊಂಡರು. ವಿಳಾಸದ ಮಗ್ಗುಲಲ್ಲೇ ಗುಟ್ಟಿನ ಗುರುತು ಹಾಕುವುದು. ಅದನ್ನು ನೋಡಿ ಕ್ಷೇಮಸಮಾಚಾರ ತಿಳಿದವರು ಕಾಸು ಕೊಡದೆ ಕಾಗದ ಹಿಂತಿರುಗಿಸುವುದು. ಅಂತರಜಾಲದ ಚರಿತ್ರೆಯಲ್ಲೂ ಇಂಥದೇ ಒಂದು ಅಧ್ಯಾಯವಿದೆ.

ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ, ನಾವು ನೆನಪಿಡುವುದು ಹೆಸರುಗಳನ್ನು. ಅರ್ಪಾನೆಟ್ ಕಾಲದಲ್ಲಿ ಇವೆರಡನ್ನೂ ಜೋಡಿಸುವ ಒಂದೇ ಪಟ್ಟಿ ಇತ್ತು. ಕ್ಯಾಲಿಫೋರ್ನಿಯದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ತಿದ್ದಿ ಹಂಚುತ್ತಿತ್ತು. ಜಾಲ ಬೆಳೆದಂತೆ ಈ ಕ್ರಮ ಏದುಸಿರು ಬಿಡತೊಡಗಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡೊಮೈನ್ ನೇಮ್ ಸಿಸ್ಟಮ್ (ಡಿಎನ್‌ಎಸ್) ಪ್ರತಿಯೊಂದು ಸಂಸ್ಥೆಯೂ ತನ್ನ ಹೆಸರುಗಳನ್ನು ತಾನೇ ನೋಡಿಕೊಳ್ಳುವ ಏರ್ಪಾಡು.

1987ರ ನಿಯಮಗಳಲ್ಲಿ ಅಂಕಿಗಳ ಜೊತೆಗೆ ‘ಟಿಎಕ್ಸ್‌ಟಿ’ ಎಂಬ ದಾಖಲೆಗೂ ಜಾಗ ಸಿಕ್ಕಿತು. ಬೇಕಾದ ವಿವರಣೆ ಬರೆದಿಡಲು ಬಿಟ್ಟ ಖಾಲಿ ಅಂಚು ಅದು. ಅದರ ಒಂದು ತುಣುಕಿಗೆ 255 ಬೈಟ್ ಮಿತಿ. ಇಂದಿನ ಯುಟಿಎಫ್-8 ಲೆಕ್ಕದಲ್ಲಿ ‘ಕನ್ನಡ’ ಎಂದು ಬರೆಯಲು 15 ಬೈಟ್ ಬೇಕು. ಅಂದರೆ ಆ ಪದ 17 ಸಲ ಹಿಡಿಸೀತು, ಅಷ್ಟೆ.

ಈ ಅಂಗೈಯಗಲದ ಜಾಗದಲ್ಲೂ ಒಂದು ಪುಟವನ್ನು ತುಂಡು ತುಂಡಾಗಿ ಇಡಬಹುದು. ಹೆಸರಿಗೊಂದು ತುಂಡಿನಂತೆ ಕೇಳಿ ಪಡೆದು ಜೋಡಿಸುವ ಪ್ರೋಗ್ರಾಂ ಇದ್ದರೆ ಪುಟ ಸಿದ್ಧ. 2004ರಲ್ಲಿ ಡ್ಯಾನ್ ಕಾಮಿನ್ಸ್ಕಿ ಇದೇ ಹಾದಿಯಲ್ಲಿ ಬೇರೆ ಮಾಹಿತಿಯನ್ನು ಸಾಗಿಸುವ ಸಾಧನವನ್ನೇ ಪ್ರಕಟಿಸಿದರು.

ಇಷ್ಟು ಕಷ್ಟ ಏಕೆ? ಜಾಲದ ಕಾವಲುಗಾರರು ಉಳಿದೆಲ್ಲ ಬಾಗಿಲು ಮುಚ್ಚಿದರೂ ವಿಳಾಸ ವಿಚಾರಿಸುವ ಕಿಂಡಿಯನ್ನು ಸಾಮಾನ್ಯವಾಗಿ ತೆರೆದೇ ಇಡುತ್ತಾರೆ. ಅದನ್ನು ಮುಚ್ಚಿದರೆ ಯಾವ ಕೆಲಸವೂ ಸಾಗದು. ಮಿಂಚಂಚೆ ಕಳಿಸುವ ಹಕ್ಕು ಯಾವ ಯಂತ್ರಕ್ಕಿದೆ ಎಂದು ಸಾರಲು ಇಂದು ಇದೇ ದಾಖಲೆ ಬಳಕೆಯಲ್ಲಿದೆ. ತಡೆಗೋಡೆಯ ಒಳಗಿರುವವನಿಗೆ ಅದು ಓದುವ ಕಿಟಕಿಯೂ ಆದೀತು, ಮಾಹಿತಿಗಳ್ಳನಿಗೆ ಕನ್ನಕಿಂಡಿಯೂ ಆದೀತು. ಹೀಗಾಗಿ ಈಗ ಕಾವಲುಗಾರರು ವಿಳಾಸದ ವಿಚಾರಣೆಗಳನ್ನೂ ಇಣುಕಿ ನೋಡುತ್ತಾರೆ. ಅದರ ಬೆಲೆ ತೆರುವವರು ಪ್ರಾಮಾಣಿಕ ಬಳಕೆದಾರರೂ ಹೌದು: ಅವರು ಯಾವ ಹೆಸರು ಕೇಳಿದರೆಂಬುದೂ ಆ ಕಣ್ಣಿಗೆ ಬೀಳುತ್ತದೆ.

ಇಂಗ್ಲೆಂಡಿನ ಗುಟ್ಟಿನ ಗುರುತಿಗೆ ಅರ್ಥವಿಲ್ಲದಂತಾದದ್ದು ಕಾವಲಿನಿಂದಲ್ಲ, 1840ರಲ್ಲಿ ಒಂದು ಪೆನ್ನಿಗೆ ಕಾಗದ ಹೋಗುವಂತಾದಾಗ. ಕಳ್ಳನಿಗೆ ಈ ಪಾಠ ಹೊಂದದು. ಓದಲು ದಾರಿ ಹುಡುಕುವವನಿಗೆ ಮಾತ್ರ ಇಂದಿಗೂ ಹೊಂದುತ್ತದೆ.